ಗ್ರಾಮಾಫೋನ್ ತಟ್ಟೆಗಳ ಪ್ರತಿ ತೆಗೆಯುವುದು

ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ನಮ್ಮ ಹಿಂದಿನ ಲಿಪಿಕಾರರಲ್ಲಿ ಎರಡು ಬಗೆಯವರಿದ್ದರು. ಮುಂದಿದ್ದ ಓಲೆಯಲ್ಲಿ ಅಕ್ಷರವು ಹೇಗಿದ್ದಿತೋ ಹಾಗೆಯೇ ಬರೆದು, ಹುಳು ತಿಂದ ಎಡೆಯಲ್ಲಿ ಜಾಗ ಬಿಟ್ಟು, ಕೊನೆಯಲ್ಲಿ ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲಿ ಎಂಬರ್ಥದ ಮಾತನ್ನು ಸೇರಿಸಿ ಕೈಮುಗಿದವರು ಒಂದು ಬಗೆ. ತಮಗೆ ತಿಳಿಯದ ಶಬ್ದವನ್ನು ತಪ್ಪೆಂದೆಣಿಸಿ ತಿದ್ದಿ, ಹರಕುಗಳನ್ನು ಸ್ವಂತ ಕಲ್ಪನೆಯಿಂದ ತುಂಬಿ, ಅಂದವಾದ ಹೊಸ ಪ್ರತಿಯೊಂದನ್ನು ಕಟ್ಟಿ, ಹಳೆಯ ಓಲೆಯನ್ನು ಹೊಳೆಗೆ ಬಿಟ್ಟವರು ಇನ್ನೊಂದು ಬಗೆ. ಗ್ರಂಥಸಂಪಾದನೆಯಲ್ಲಿ ತೊಡಗಿದ ವಿದ್ವಾಂಸರು ಮೊದಲಿನವರನ್ನು ನೆನೆದು ನಮಸ್ಕರಿಸುತ್ತಾರೆ. ಎರಡನೆಯವರನ್ನು ನೆನೆದು ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗಳನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದಾಗ ಲೋಕವೆಲ್ಲ ಬೆರಗಾಯಿತಷ್ಟೆ. ಶಾಸ್ತ್ರಿಗಳ ಪಾಂಡಿತ್ಯದೊಡನೆ, ಹೆಸರೇ ತಿಳಿಯದ ಯಾವನೋ ಲಿಪಿಕಾರನ ತಾಳ್ಮೆಯೂ ಆ ಬೆರಗಿಗೆ ಕಾರಣವಾಗಿದ್ದಿತು.

ಈಗ ನಮ್ಮ ಅನೇಕ ಮನೆಗಳ ಅಟ್ಟದ ಮೇಲೆ ಇನ್ನೊಂದು ಬಗೆಯ ಓಲೆಗಳು ಧೂಳು ಹೊದ್ದು ಕುಳಿತಿವೆ. ಅವು ಗ್ರಾಮಾಫೋನ್ ತಟ್ಟೆಗಳು. ದಾಸರ ಪದ, ನಾಟಕದ ಹಾಡು, ವೀಣೆ, ನಾಗಸ್ವರ ಇವುಗಳನ್ನು ಹೊತ್ತ ಅಜ್ಜನ ಕಾಲದ ಭಾರವಾದ ಕರಿಯ ತಟ್ಟೆಗಳು. ಅವುಗಳ ಮಗ್ಗುಲಲ್ಲಿ ಅಪ್ಪನ ಕಾಲದ ಹಗುರವಾದ ವಿನೈಲ್ ತಟ್ಟೆಗಳು. ನುಡಿಸುವ ಯಂತ್ರವು ಕೆಟ್ಟು ಎಷ್ಟೋ ವರ್ಷವಾಗಿರುತ್ತದೆ. ಈ ತಟ್ಟೆಗಳಲ್ಲಿರುವುದನ್ನು ಮನೆಯ ಗಣಕಯಂತ್ರಕ್ಕೆ ಇಳಿಸಿಕೊಳ್ಳಬಹುದೆಂಬುದನ್ನು ಕೇಳಿದವರು ಬಹಳ ಮಂದಿ, ಮಾಡಿದವರು ಸ್ವಲ್ಪ, ಮಾಡಿ ಕೆಡಿಸಿದವರು ನನ್ನಂತೆ ಕೆಲವರು. ಮಾಡತಕ್ಕ ರೀತಿಯನ್ನೂ ನಾನು ಕೆಡಿಸಿದ ರೀತಿಯನ್ನೂ ಇಲ್ಲಿ ಕೂಡಿಯೇ ಹೇಳಬೇಕಾಗಿದೆ.

ಮೊದಲು ತಟ್ಟೆಯ ಜಾತಿಯನ್ನರಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನವು. ನಮ್ಮ ದೇಶದ ಕಾಡುಗಳಲ್ಲಿ ಮುತ್ತುಗವೇ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಹುಳುವು ಸುರಿಸುವ ಅಂಟೇ ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣವೂ ಹೊಳಪೂ ಬರುವುದು ಇದರಿಂದಲೇ. ಈ ಅರಗನ್ನು ಕಲ್ಲಿನ ಪುಡಿ, ಮಸಿ, ಹತ್ತಿಯ ಎಳೆಗಳೊಡನೆ ಬಿಸಿಯಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಒಂದು ಗಂಟೆ ರಾಗವನ್ನು ವಿಸ್ತರಿಸಬಲ್ಲ ವಿದ್ವಾಂಸನು ತನ್ನ ವಿದ್ಯೆಯನ್ನೆಲ್ಲ ಅಷ್ಟರಲ್ಲಿ ಅಡಗಿಸಬೇಕಾಗಿದ್ದಿತು! ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ನುಡಿಯಬಲ್ಲ ವಿನೈಲ್ ತಟ್ಟೆಯನ್ನು ಅಮೆರಿಕದ ಕೊಲಂಬಿಯಾ ಸಂಸ್ಥೆಯು 1948ರಲ್ಲಿ ಹೊರತಂದಿತು. ಮರುವರ್ಷವೇ 45 ಸುತ್ತಿನ ಚಿಕ್ಕ ತಟ್ಟೆಯು ಬಂದಿತು. ಆದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲಿಯೂ ಅರಗಿನ ತಟ್ಟೆಗಳು ಅಚ್ಚಾಗುತ್ತಲೇ ಇದ್ದುವು.

ಅರಗಿನ ತಟ್ಟೆಯು ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ವಿನೈಲ್ ತಟ್ಟೆಯು ಒಡೆಯುವುದಿಲ್ಲ. ಆದರೆ ಬಿಸಿಲಿನ ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎರಡನ್ನೂ ನಿಲ್ಲಿಸಿ ಇಡತಕ್ಕದ್ದೇ ಹೊರತು ಮಲಗಿಸಿ ಇಡತಕ್ಕದ್ದಲ್ಲ. ಇನ್ನು ನುಡಿಸಿದಷ್ಟೂ ಸವೆಯುವುದು ಎರಡಕ್ಕೂ ಸಮಾನವಾದ ಧರ್ಮ. ಆದುದರಿಂದಲೇ ಪ್ರತಿಯನ್ನು ಒಂದೇ ಸಲ, ಆದರೆ ಒಳ್ಳೆಯ ರೀತಿಯಲ್ಲಿ, ತೆಗೆಯಬೇಕಾದುದು ಅಗತ್ಯ.

ತಟ್ಟೆಯ ಮೇಲೆ ಕಾಣುವ ಗೀರುಗಳು ಬೇರೆಬೇರೆಯಲ್ಲ. ಅಂಚಿನಿಂದ ನಡುವಿನವರೆಗೆ ಸುತ್ತಿಕೊಂಡು ಹೋಗುವ ಒಂದೇ ಗೀರು. ದೊಡ್ಡ ವಿನೈಲ್ ತಟ್ಟೆಯ ಒಂದು ಮಗ್ಗುಲಿನ ಗೀರನ್ನು ಬಿಡಿಸಿ ನೇರವಾಗಿ ಎಳೆದರೆ ಅರ್ಧ ಕಿಲೋಮೀಟರಿಗೆ ಸಮೀಪವಾದೀತು. ಆ ಗೀರಿನ ಗೋಡೆಗಳು ಹಾಡಿನ ಕಂಪನಕ್ಕೆ ತಕ್ಕಂತೆ ಬಳುಕಿರುತ್ತವೆ. ಮುಳ್ಳು ಆ ಬಳುಕನ್ನು ಹಿಡಿದು ಕುಣಿಯುತ್ತದೆ. ಅದರ ತಲೆಯಲ್ಲಿರುವ ಕಾರ್ಟ್ರಿಜ್ ಎಂಬ ಭಾಗದಲ್ಲಿನ ಪುಟ್ಟ ಅಯಸ್ಕಾಂತವು ತಂತಿಯ ಸುರುಳಿಗಳ ನಡುವೆ ಅಲುಗಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಅದು ಎಷ್ಟು? ಸಾಮಾನ್ಯವಾಗಿ ಐದು ಮಿಲಿವೋಲ್ಟು, ಎಂದರೆ ಒಂದು ವೋಲ್ಟಿನ ಇನ್ನೂರರಲ್ಲೊಂದು ಪಾಲು. ಗಣಕಯಂತ್ರವು ನಿರೀಕ್ಷಿಸುವ ಬಲವಾದರೋ ಇದರ ಅರುವತ್ತರಷ್ಟು.

ನಾನು ಮೊಟ್ಟಮೊದಲು ಈ ಕೆಲಸಕ್ಕೆ ಕೈಯಿಕ್ಕಿದಾಗ ಇದೊಂದೂ ತಿಳಿಯದೆ, ಟರ್ನ್‌ಟೇಬಲಿನಿಂದ ಬಂದ ತಂತಿಯನ್ನು ಗಣಕಯಂತ್ರದ ಮೈಕಿನ ರಂಧ್ರಕ್ಕೇ ಚುಚ್ಚಿದೆ. ಹಾಡೇನೋ ಕೇಳಿಸಿತು, ಆದರೆ ಜೀರುಂಡೆಯು ಹಾಡಿದಂತಿದ್ದಿತು. ಮೃದಂಗದ ಎಡಗೈ ಮಾಯವಾಗಿ, ಸಕಾರ ಶಕಾರಗಳು ಮಾತ್ರ ಹಾವಿನಂತೆ ಬುಸುಗುಟ್ಟುತ್ತಿದ್ದುವು. ತಟ್ಟೆಯೇ ಕೆಟ್ಟಿದೆಯೆಂದು ಬಗೆದು ಅದನ್ನು ತೆಗೆದಿಟ್ಟೆ. ತಟ್ಟೆಯಲ್ಲಿ ದೋಷವಿರಲಿಲ್ಲ.

ಅದರ ಕಾರಣವು ಸ್ವಾರಸ್ಯವಾಗಿದೆ. ಮಂದ್ರಸ್ವರಗಳ ಕಂಪನವು ಅಗಲವಾದುದು. ಅದನ್ನು ಇದ್ದಂತೆಯೇ ಕೊರೆದರೆ ಗೀರು ಬಳುಕಿ ಬಳುಕಿ ನೆರೆಯ ಗೀರಿನ ಗೋಡೆಯನ್ನು ಒಡೆದೀತು. ತಾರಸ್ವರಗಳ ಕಂಪನವೋ ಅತಿ ಸೂಕ್ಷ್ಮ; ಇದ್ದಂತೆ ಕೊರೆದರೆ ಮುಳ್ಳು ಉಜ್ಜುವ ಸದ್ದಿನಲ್ಲಿಯೇ ಅದು ಮುಳುಗಿಹೋದೀತು. ಆದುದರಿಂದ ತಟ್ಟೆಯನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸುವರು. ನುಡಿಸುವಾಗ ತಾರವನ್ನು ತಗ್ಗಿಸಿ ಮಂದ್ರವನ್ನು ಹೆಚ್ಚಿಸಿ ಮೊದಲಿನಂತೆ ಮಾಡುವರು. ಎಷ್ಟು ತಗ್ಗಿಸಬೇಕು, ಎಷ್ಟು ಹೆಚ್ಚಿಸಬೇಕೆಂಬ ವಿಷಯದಲ್ಲಿ ಮೊದಲು ಒಂದೊಂದು ಸಂಸ್ಥೆಯದು ಒಂದೊಂದು ಪದ್ಧತಿಯಿದ್ದಿತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮಿಗಳ ಸಂಘವು ಗೊತ್ತುಮಾಡಿದ ಅಳತೆಯೇ ಬರಬರುತ್ತ ಲೋಕದ ರೂಢಿಯಾಯಿತು. ಈ ತಿರುಗುಮುರುಗನ್ನು ಸರಿಪಡಿಸಿ, ಜೊತೆಗೇ ವಿದ್ಯುತ್ತಿನ ಬಲವನ್ನು ಹೆಚ್ಚಿಸುವ ಚಿಕ್ಕ ಪೆಟ್ಟಿಗೆಗೆ ಫೋನೋ ಪ್ರೀ-ಆಂಪ್ ಎಂದು ಹೆಸರು. ನಡುವೆ ಈ ಪೆಟ್ಟಿಗೆಯಿಲ್ಲದಿದ್ದರೆ ಮೇಲೆ ಹೇಳಿದ ಜೀರುಂಡೆಯ ಸಂಗೀತವೇ ಗತಿ.

ಹಳೆಯ ಧ್ವನಿವರ್ಧಕವು ಮನೆಯಲ್ಲಿದ್ದು, ಅದರ ಬೆನ್ನಿನಲ್ಲಿ 'ಫೋನೋ' ಎಂದು ಬರೆದ ರಂಧ್ರಗಳಿದ್ದರೆ ಬೇರೆ ಪೆಟ್ಟಿಗೆ ಬೇಕಿಲ್ಲ. ಟರ್ನ್‌ಟೇಬಲಿನ ಕೆಂಪು ಬಿಳಿ ತಂತಿಗಳನ್ನು ಅಲ್ಲಿ ಸೇರಿಸಿ, ಧ್ವನಿಮುದ್ರಣಕ್ಕೆಂದು ಬಿಟ್ಟಿರುವ ರಂಧ್ರದಿಂದ ಮುಂದಕ್ಕೆ ಕೊಂಡೊಯ್ಯಬಹುದು. ಕೆಲವು ಹೊಸ ಟರ್ನ್‌ಟೇಬಲುಗಳಲ್ಲಿ ಈ ಪೆಟ್ಟಿಗೆಯು ಒಳಗೇ ಅಡಕವಾಗಿರುತ್ತದೆ. ಆಗ ಹೊರಗೆ ಮತ್ತೊಂದನ್ನು ಸೇರಿಸಿದರೆ ತಿದ್ದಿದುದನ್ನೇ ಮತ್ತೆ ತಿದ್ದಿದಂತಾಗಿ ಹಾಡೆಲ್ಲ ಮಡಕೆಯೊಳಗಿಂದ ಬಂದಂತೆ ಕೇಳುವುದು. ಅಲ್ಲಿಂದ ಮುಂದೆ ಗಣಕಯಂತ್ರ. ಮೇಜಿನ ಮೇಲಿಡುವ ಯಂತ್ರಗಳಲ್ಲಿ ಅನೇಕಕ್ಕೆ ನೀಲಿಬಣ್ಣದ 'ಲೈನ್ ಇನ್' ಎಂಬ ರಂಧ್ರವಿರುತ್ತದೆ. ಅದು ಸರಿಯಾದ ದಾರಿ. ತೊಡೆಯ ಮೇಲಿಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ; ಇರುವುದು ಮೈಕಿನದು ಮಾತ್ರ. ಆಗ ಯು.ಎಸ್.ಬಿ. ಮೂಲಕ ಸೇರುವ ಆಡಿಯೋ ಇಂಟರ್‌ಫೇಸ್ ಎಂಬ ಉಪಕರಣವೊಂದನ್ನು ನಡುವೆ ಇಡಬೇಕು. ಟರ್ನ್‌ಟೇಬಲಿನಿಂದ ಇನ್ನೊಂದು ಸಣ್ಣ ತಂತಿಯೂ ನೇತಾಡುತ್ತಿರುವುದುಂಟು. ಅದನ್ನು ನಿಷ್ಪ್ರಯೋಜಕವೆಂದು ಕಡೆಗಣಿಸಕೂಡದು. ಅದು ಭೂಸಂಪರ್ಕದ ತಂತಿ. ಅದನ್ನು ಪ್ರೀ-ಆಂಪಿನ ತಿರುಪಿಗೆ ಬಿಗಿಯದಿದ್ದರೆ ಹಾಡಿನ ಕೆಳಗೆಲ್ಲ ದುಂಬಿಯ ಹಾಗೆ ಗುಂಯ್ ಎಂಬ ಸದ್ದು ಬಿಡದೆ ನಡೆಯುತ್ತದೆ.

ಗಣಕಯಂತ್ರವು ಹಾಡನ್ನು ಹೇಗೆ ಬರೆದುಕೊಳ್ಳುತ್ತದೆ ಎಂಬುದನ್ನು ನಮ್ಮ ಮನೆಯ ಹೆಂಗಸರಿಗೆ ತಿಳಿಸುವುದು ಬಹು ಸುಲಭ, ಗಂಡಸರಿಗೇ ಕಷ್ಟ. ಚುಕ್ಕಿಯ ರಂಗೋಲಿಯನ್ನು ನೆನೆದುಕೊಳ್ಳಿ. ಗೀರಿನ ಬಳುಕು ಎಡೆಬಿಡದ ಒಂದು ಗೆರೆ. ಯಂತ್ರಕ್ಕೆ ಗೆರೆಯು ತಿಳಿಯದು, ಅಂಕಿಗಳು ಮಾತ್ರ ತಿಳಿಯುವುವು. ಆದುದರಿಂದ ಅದು ಗೆರೆಯ ಉದ್ದಕ್ಕೂ ಚುಕ್ಕಿಯಿಡುತ್ತ, ಪ್ರತಿ ಚುಕ್ಕಿಯ ಎತ್ತರವನ್ನೂ ಒಂದೊಂದು ಅಂಕಿಯಾಗಿ ಬರೆದುಕೊಂಡು ಹೋಗುತ್ತದೆ. ಅಡಕಮುದ್ರಿಕೆಯ, ಎಂದರೆ ಸಿ.ಡಿ.ಯ ಲೆಕ್ಕದಲ್ಲಿ ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, 44,100 ಚುಕ್ಕಿಗಳು. ಎತ್ತರವನ್ನು ಅಳೆಯುವ ಮೆಟ್ಟಿಲುಗಳು 65,536. ಚುಕ್ಕಿಗಳ ನಡುವೆ ಇದ್ದುದು ಕಳೆದುಹೋಗುವುದಿಲ್ಲವೆ ಎಂದು ಕೇಳಬಹುದು. ಅತಿ ವೇಗವಾದ ಕಂಪನಕ್ಕಿಂತ ಇಮ್ಮಡಿಗೂ ಮೀರಿ ಚುಕ್ಕಿಗಳಿದ್ದರೆ, ಅವುಗಳ ಮೂಲಕ ಹಾಯಬಲ್ಲ ಗೆರೆ ಒಂದೇ ಒಂದು ಎಂಬುದು ಗಣಿತದಿಂದ ಸಿದ್ಧವಾದ ಮಾತು. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನಗಳವರೆಗೆ. ಆದುದರಿಂದ 44,100 ಸಾಕು.

ಹಾಗಾದರೂ ಮೂಲಪ್ರತಿಯನ್ನು ತೆಗೆಯುವಾಗ 96,000 ಚುಕ್ಕಿಗಳನ್ನೂ 24 ಬಿಟ್ಟಿನ ಅಳತೆಯನ್ನೂ ಇಟ್ಟುಕೊಳ್ಳುವುದು ಲೇಸು. 24 ಬಿಟ್ ಎಂದರೆ ಮೆಟ್ಟಿಲುಗಳು ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಹೆಚ್ಚು. ಇದರಿಂದ ಧ್ವನಿಯ ಮಟ್ಟವನ್ನು ಧೈರ್ಯವಾಗಿ ಕೆಳಗೆ ಇಡಬಹುದು. ಮಟ್ಟವು ಮೇಲೇರಿ ಅಳತೆಯ ಅಂಚನ್ನು ಮುಟ್ಟಿತೆಂದರೆ ಹಾಲು ಉಕ್ಕಿ ಚೆಲ್ಲಿದಂತೆಯೇ. ಚೆಲ್ಲಿದುದನ್ನು ಯಾವ ತಂತ್ರಾಂಶವೂ ಮರಳಿ ತುಂಬಲಾರದು. ತಟ್ಟೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಭಾಗವನ್ನು ಮೊದಲು ಒಂದು ಸಲ ನುಡಿಸಿ ನೋಡಿ, ಮಾಪಕದಲ್ಲಿ ಅಂಚಿಗೆ ಆರು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಸರಿಪಡಿಸಿಕೊಳ್ಳಬೇಕು. ಈ ಅಳತೆಯಲ್ಲಿ ನಲವತ್ತು ನಿಮಿಷದ ತಟ್ಟೆಯೊಂದು ಸುಮಾರು 1,400 ಮೆಗಾಬೈಟಿನ ಜಾಗವನ್ನು ತಿನ್ನುತ್ತದೆ. ಫ್ಲ್ಯಾಕ್ ಎಂಬ ರೂಪದಲ್ಲಿ ಮಡಿಸಿಟ್ಟರೆ ಒಂದು ಅಂಕಿಯೂ ಕಳೆಯದೆ ಇದು ಹೆಚ್ಚುಕಡಮೆ ಅರ್ಧಕ್ಕಿಳಿಯುವುದು. ಎಂಪಿ ತ್ರೀ ಎಂಬುದು ಇನ್ನೂ ಚಿಕ್ಕದಾದರೂ, ಕಿವಿಗೆ ಬೇಡವೆಂದು ತಾನೇ ತೀರ್ಮಾನಿಸಿ ಕೆಲವನ್ನು ಬಿಸುಟುಬಿಡುತ್ತದೆ. ಮೊಮ್ಮಗನ ಫೋನಿಗೆ ಅದು ಸಾಕು, ಮೂಲಪ್ರತಿಗೆ ಸಲ್ಲದು. ಬರೆದುಕೊಳ್ಳುವ ತಂತ್ರಾಂಶಗಳಲ್ಲಿ 2000ದಲ್ಲಿ ಮೊದಲು ಹೊರಬಂದ ಆಡಾಸಿಟಿ ಎಂಬುದಕ್ಕೆ ಹಣ ಕೊಡಬೇಕಾಗಿಲ್ಲ. ಗೃಹಸ್ಥರ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಮುಳ್ಳಿನ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. ವಿನೈಲ್ ತಟ್ಟೆಯ ಗೀರು ಬಲು ಕಿರಿದು. ಅದರ ವಜ್ರದ ಮುಳ್ಳಿನ ತುದಿಯ ತ್ರಿಜ್ಯವು ಮಿಲಿಮೀಟರಿನ ಸಾವಿರದ ಹದಿನೆಂಟು ಪಾಲು. ಅರಗಿನ ತಟ್ಟೆಯ ಗೀರಿಗೆ ಇದರ ನಾಲ್ಕರಷ್ಟು ದಪ್ಪನಾದ ತುದಿ ಬೇಕು. ಸಣ್ಣ ಮುಳ್ಳನ್ನು ಅರಗಿನ ತಟ್ಟೆಯ ಮೇಲಿಟ್ಟರೆ ಅದು ಗೋಡೆಗಳನ್ನು ಮುಟ್ಟದೆ ಗೀರಿನ ತಳದಲ್ಲಿ ಬಿದ್ದು, ನೂರು ವರ್ಷದ ಕೊಳೆಯಲ್ಲಿ ಹೊರಳುತ್ತದೆ. ನಮಗೆ ಕೇಳುವುದು ಆ ಕೊಳೆಯೇ. ಎರಡು ಬಗೆಯ ಮುಳ್ಳನ್ನೂ ಬದಲಿಸಿ ಹಾಕಬಹುದಾದ ಕಾರ್ಟ್ರಿಜ್‌ಗಳು ದೊರೆಯುತ್ತವೆ. ಅಜ್ಜನ ಕಾಲದ ಕೀಲಿ ಕೊಡುವ ಯಂತ್ರವನ್ನು ಮಾತ್ರ ನೋಡಲು ಇಟ್ಟುಕೊಳ್ಳತಕ್ಕದ್ದು. ಅದರ ಉಕ್ಕಿನ ಮುಳ್ಳು ನೂರು ಗ್ರಾಮಿಗೆ ಕಡಮೆಯಿಲ್ಲದ ಭಾರದಿಂದ ತಟ್ಟೆಯನ್ನು ಉಳುತ್ತ ಹೋಗುತ್ತದೆ. ಈಗಿನ ಮುಳ್ಳಿನ ಭಾರವು ವಿನೈಲಿಗೆ ಒಂದೂವರೆ ಎರಡು ಗ್ರಾಮು, ಅರಗಿಗೆ ಮೂರರಿಂದ ಐದು.

ಇನ್ನು ವೇಗ. 78 ಎಂಬುದು ಹೆಸರಿಗೆ ಮಾತ್ರ. ಮೊದಲ ದಶಕಗಳಲ್ಲಿ ಎಪ್ಪತ್ತರ ಆಸುಪಾಸಿನಿಂದ ಎಂಬತ್ತನ್ನು ಮೀರಿದ ವೇಗದವರೆಗೂ ಮುದ್ರಣಗಳಾಗಿವೆ. ವೇಗವು ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿಯು ಒಂದು ಸ್ವರಸ್ಥಾನ ಮೇಲೇರುತ್ತದೆ. ಒಂದು ಮನೆಯಲ್ಲಿ ಹಾಡಿದವನು ಒಂದೂವರೆ ಮನೆಯಲ್ಲಿ ಹಾಡಿದಂತಾಗುತ್ತದೆ, ಗಂಭೀರವಾದ ಕಂಠವು ಹುಡುಗನದಾಗುತ್ತದೆ. ಹಳೆಯ ವಿದ್ವಾಂಸರೆಲ್ಲ ಅಷ್ಟು ಎತ್ತರದ ಶ್ರುತಿಯಲ್ಲಿ, ಅಷ್ಟು ಬಿರುಸಾಗಿ ಹಾಡುತ್ತಿದ್ದರೆಂಬ ನಮ್ಮ ನಂಬಿಕೆಯಲ್ಲಿ ಸ್ವಲ್ಪ ಭಾಗವಾದರೂ ತಪ್ಪು ವೇಗದ ಪ್ರಸಾದವಾಗಿರಬಹುದೆಂದು ನನಗೆ ತೋರುತ್ತದೆ. 78ರ ವೇಗವಿಲ್ಲದ ಟರ್ನ್‌ಟೇಬಲ್ ಇದ್ದವರು 45ರಲ್ಲಿ ನುಡಿಸಿ ಮುದ್ರಿಸಿಕೊಂಡು, ಬಳಿಕ ತಂತ್ರಾಂಶದಲ್ಲಿ ವೇಗವನ್ನು ನೂರಕ್ಕೆ ಎಪ್ಪತ್ತಮೂರೂ ಮೂರನೆಯ ಒಂದರಷ್ಟು ಹೆಚ್ಚಿಸುವುದುಂಟು. ಆದರೆ ಹಾಗೆ ಮಾಡಿದಾಗ ಪ್ರೀ-ಆಂಪು ಮಾಡಿದ ಮಂದ್ರತಾರಗಳ ತಿದ್ದುಪಾಟು ಸ್ಥಾನಪಲ್ಲಟವಾಗುತ್ತದೆ. 78ರ ವೇಗವುಳ್ಳ ಯಂತ್ರವೊಂದನ್ನು ಎರವಲಾದರೂ ತರುವುದು ಮೇಲು.

ತೊಳೆಯುವ ವಿಷಯದಲ್ಲಿ ಒಂದೇ ಮಾತು, ಆದರೆ ಪ್ರಾಣಾಂತಿಕವಾದ ಮಾತು. ವಿನೈಲ್ ತಟ್ಟೆಗಳಿಗೆ ಬಟ್ಟಿಯಿಳಿಸಿದ ನೀರಿನಲ್ಲಿ ಸ್ವಲ್ಪ ಆಲ್ಕೊಹಾಲು ಬೆರೆಸಿ ಒರೆಸುವ ರೂಢಿಯಿದೆ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಮರದ ಸಾಮಾನಿಗೆ ಅರಗಿನ ಪಾಲಿಶು ಮಾಡುವ ಬಡಗಿಯನ್ನು ಕೇಳಿದರೆ ಅವನೇ ಹೇಳಿಯಾನು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಅರಗಿನ ತಟ್ಟೆಯನ್ನು ಒರೆಸಿದವನು ಹಾಡನ್ನೇ ಒರೆಸಿದಂತೆ. ಅದಕ್ಕೆ ಬಟ್ಟಿಯಿಳಿಸಿದ ನೀರು, ಬೇಕಾದರೆ ಸೌಮ್ಯವಾದ ಸಾಬೂನಿನ ಒಂದೇ ತೊಟ್ಟು, ಮೆತ್ತನೆಯ ಕುಂಚ. ನಡುವಿನ ಕಾಗದಕ್ಕೆ ನೀರು ತಾಗದಂತೆ ಒರೆಸಿ ನೆರಳಿನಲ್ಲಿ ಆರಿಸತಕ್ಕದ್ದು.

ಮುದ್ರಿಸುವ ಹೊತ್ತಿನಲ್ಲಿ ಟರ್ನ್‌ಟೇಬಲು ಅಲುಗದ ಕಲ್ಲಿನ ಹಲಗೆಯ ಮೇಲಿರಲಿ. ಅಡಿಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರಬಾರದು. ಮಕ್ಕಳು ಆ ಕೋಣೆಯಲ್ಲಿ ಕುಣಿಯಬಾರದು. ಗಣಕಯಂತ್ರವು ತಾನಾಗಿ ಟಿಂಗ್ ಎಂದು ಸದ್ದು ಮಾಡುವುದನ್ನು ನಿಲ್ಲಿಸಿರಬೇಕು. ಹಾಡನ್ನು ಹಾಡಿನ ವೇಗದಲ್ಲಿಯೇ ಇಳಿಸಬೇಕಾದುದರಿಂದ ನಲವತ್ತು ನಿಮಿಷದ ತಟ್ಟೆಗೆ ನಲವತ್ತು ನಿಮಿಷ ಹಿಡಿಯುತ್ತದೆ. ಕೂತು ಕೇಳಿರಿ, ಇದಕ್ಕಿಂತ ಒಳ್ಳೆಯ ಕೆಲಸ ಆ ನಲವತ್ತು ನಿಮಿಷಗಳಲ್ಲಿ ನಮಗಿರುವುದಿಲ್ಲ.

ಇನ್ನು ನನ್ನ ಅಪರಾಧದ ಕಥೆ. ನಮ್ಮ ಮನೆಯಲ್ಲಿ ಅಜ್ಜನು ಕೊಂಡ ಅರಗಿನ ತಟ್ಟೆಯೊಂದಿದ್ದಿತು. ಎರಡು ಮಗ್ಗುಲಲ್ಲಿಯೂ ಒಂದೊಂದು ದಾಸರ ಪದ. ಹಾಡಿದವರು ಯಾರೋ ಒಬ್ಬ ವಿದುಷಿ. ನಡುವಿನ ಕಾಗದವು ಅರ್ಧ ಹರಿದು, ಹೆಸರಿನ ಮೊದಲ ಭಾಗವು ಹೋಗಿದ್ದಿತು. 'ಬಾಯಿ' ಎಂಬುದು ಮಾತ್ರ ಉಳಿದಿದ್ದಿತು. ನಮ್ಮ ಅಜ್ಜಿಯು ಶುಕ್ರವಾರ ದೀಪ ಹಚ್ಚಿದ ಮೇಲೆ ಈ ತಟ್ಟೆಯನ್ನು ಹಾಕಿಸಿ ಜೊತೆಯಲ್ಲಿಯೇ ಹಾಡಿಕೊಳ್ಳುತ್ತಿದ್ದರಂತೆ. ತಾಯಿಯವರು ಆ ಪದಗಳನ್ನು ಕಲಿತುದೂ ಹಾಗೆಯೇ. ನಾನು ಬಹು ಶ್ರದ್ಧೆಯಿಂದ ಎರಡು ಮಗ್ಗುಲನ್ನೂ ಗಣಕಯಂತ್ರಕ್ಕೆ ಇಳಿಸಿದೆ. ಮಳೆ ಹುಯ್ದಂತೆ ಸುಯ್ ಎಂಬ ಸದ್ದು, ನಡುನಡುವೆ ಸಾಸಿವೆ ಸಿಡಿದಂತೆ ಚಟಪಟ. ಇದನ್ನು ಶುದ್ಧಮಾಡಿ ತಾಯಿಯವರಿಗೆ ಕೇಳಿಸಬೇಕೆಂದು ಉತ್ಸಾಹವುಂಟಾಯಿತು.

ಸದ್ದು ತೆಗೆಯುವ ತಂತ್ರವು ಹೀಗೆ ನಡೆಯುತ್ತದೆ. ಹಾಡಿಲ್ಲದೆ ಬರಿಯ ಸದ್ದೇ ಇರುವ ಒಂದು ತುಣುಕನ್ನು ತೋರಿಸಿ, ಇದೇ ಸದ್ದು ಎಂದು ತಂತ್ರಾಂಶಕ್ಕೆ ಪರಿಚಯ ಮಾಡಿಕೊಡಬೇಕು. ಅದು ಆ ಸದ್ದಿನ ಲಕ್ಷಣವನ್ನು ಗುರುತುಹಿಡಿದು, ಮುದ್ರಣದ ಆದ್ಯಂತ ಅಂತಹುದನ್ನೆಲ್ಲ ಕಳೆದುಹಾಕುತ್ತದೆ. ನಾನು ಮೊದಲ ಮಗ್ಗುಲಿನಲ್ಲಿ ಹಾಡು ತೊಡಗುವುದಕ್ಕೆ ಮುಂಚಿನ ಎರಡು ಸೆಕೆಂಡುಗಳನ್ನು ಆರಿಸಿಕೊಂಡೆ. ಫಲವು ಅದ್ಭುತವಾಗಿದ್ದಿತು. ಮಳೆ ನಿಂತುಹೋಯಿತು, ಕಂಠವೊಂದೇ ತೊಳೆದ ಮುತ್ತಿನಂತೆ ಹೊರಬಂದಿತು. ಹಿಗ್ಗಿನಲ್ಲಿ ಅದೇ ಕಡತದ ಮೇಲೆ ಅದನ್ನು ಉಳಿಸಿದೆ. ಎಂದರೆ ಹಳೆಯದು ಅಳಿಸಿ ಹೊಸದು ಕುಳಿತಿತು. ಎರಡನೆಯ ಮಗ್ಗುಲನ್ನು ಇನ್ನೊಂದು ದಿನ ಶುದ್ಧಮಾಡೋಣವೆಂದು ಬಿಟ್ಟೆ. ಆ ಇನ್ನೊಂದು ದಿನ ಬರಲಿಲ್ಲ. ಸ್ವಲ್ಪ ಕಾಲದ ಮೇಲೆ ಮನೆ ಬದಲಿಸುವಾಗ ತಟ್ಟೆಗಳ ಪೆಟ್ಟಿಗೆಯ ಮೇಲೆ ಯಾರೋ ಒಂದು ಒರಳುಗುಂಡನ್ನು ಇಟ್ಟರು. ಒಳಗೆ ಆರು ತಟ್ಟೆಗಳು ಒಡೆದುವು. ಅವುಗಳಲ್ಲಿ ಇದೂ ಒಂದು.

ಪ್ರತಿಯಿದೆಯಲ್ಲ ಎಂಬ ಸಮಾಧಾನದಿಂದ ತಾಯಿಯವರನ್ನು ಕೂರಿಸಿ ಮೊದಲ ಮಗ್ಗುಲನ್ನು ಕೇಳಿಸಿದೆ. ಅವರು ಕೊನೆಯವರೆಗೂ ಸುಮ್ಮನೆ ಕೇಳಿ, "ಹಾಡು ಅದೇ ಕಣೋ. ತಂಬೂರಿ ಎಲ್ಲಿ ಹೋಯಿತು?" ಎಂದರು.

ನಾನು ಎದೆ ಹಾರಿ ಮತ್ತೆ ಕೇಳಿದೆ. ತಂಬೂರಿಯಿರಲಿಲ್ಲ. ಸದ್ದೆಂದು ನಾನು ಆರಿಸಿಕೊಟ್ಟಿದ್ದ ಆ ಎರಡು ಸೆಕೆಂಡುಗಳಲ್ಲಿ, ಹಾಡು ತೊಡಗುವ ಮುನ್ನ, ತಂಬೂರಿಯು ಮೆಲ್ಲನೆ ಮೀಟುತ್ತಿದ್ದಿರಬೇಕು. ಬದಲಾಗದೆ ಒಂದೇ ಸಮನೆ ನಡೆಯುವುದನ್ನು ತಂತ್ರಾಂಶವು ಸದ್ದೆಂದು ತಿಳಿಯುತ್ತದೆ. ಬದಲಾಗದೆ ಒಂದೇ ಸಮನೆ ನಡೆಯುವುದೇ ತಂಬೂರಿಯ ಧರ್ಮವಲ್ಲವೆ? ಮಳೆಯೊಡನೆ ಶ್ರುತಿಯೂ ಹೋಯಿತು. ಚಟಪಟವನ್ನು ತೆಗೆಯುವ ತಂತ್ರದಲ್ಲಿಯೂ ಇಂತಹುದೇ ಅಪಾಯವಿದೆ. ಅದನ್ನು ಬಲವಾಗಿ ಪ್ರಯೋಗಿಸಿದರೆ ಮೃದಂಗದ ಚಾಪಿನ ಮೊನೆಯನ್ನೂ ವೀಣೆಯ ಮೀಟಿನ ಹರಿತವನ್ನೂ ಸಿಡಿತವೆಂದೆಣಿಸಿ ಸವರಿಬಿಡುತ್ತದೆ. ಓಲೆಯನ್ನು ಹೊಳೆಗೆ ಬಿಟ್ಟ ಲಿಪಿಕಾರನನ್ನು ನಾನು ಅದುವರೆಗೆ ಮೂರ್ಖನೆಂದು ತಿಳಿದಿದ್ದೆ. ಅವನೂ ಹಿಗ್ಗಿನಲ್ಲಿಯೇ ಹಾಗೆ ಮಾಡಿದ್ದಾನು.

ಅಂದಿನಿಂದ ನಾನು ನಡೆಸಿಕೊಂಡು ಬಂದಿರುವ ಪದ್ಧತಿ ಇದು. ತಟ್ಟೆಯಿಂದ ಇಳಿದುದು ಇಳಿದಂತೆಯೇ, ಸುಯ್ಯೆನ್ನುವ ಸದ್ದು ಸಿಡಿತಗಳೊಡನೆ, ಮೂಲಪ್ರತಿಯೆಂಬ ಹೆಸರಿನಲ್ಲಿ ಬೇರೆ ಇರುತ್ತದೆ. ಅದನ್ನು ತೆರೆದು ತಿದ್ದುವುದಿಲ್ಲ. ಶುದ್ಧಮಾಡುವುದಿದ್ದರೆ ಅದರ ಇನ್ನೊಂದು ಪ್ರತಿಯಲ್ಲಿ. ಅರಗಿನ ತಟ್ಟೆಗಳಲ್ಲಿ ಮುದ್ರಣವು ಒಂದೇ ವಾಹಿನಿಯದಾದರೂ ಎಡಬಲ ಎರಡನ್ನೂ ಬರೆದುಕೊಂಡಿರುತ್ತೇನೆ. ಏಕೆಂದರೆ ಆ ತಟ್ಟೆಗಳಲ್ಲಿ ಹಾಡಿರುವುದು ಮುಳ್ಳಿನ ಅಡ್ಡ ಅಲುಗಾಟದಲ್ಲಿ. ಮೇಲುಕೆಳಗಿನ ಅಲುಗಾಟದಲ್ಲಿರುವುದು ಕೊಳೆ, ಸವಕಳಿಗಳು ಮಾತ್ರ. ಎರಡು ಕಡೆಯನ್ನೂ ಮುಂದೆ ಕೂಡಿಸಿದಾಗ ಹಾಡು ಒಂದಕ್ಕೊಂದು ಸೇರಿ ಬಲವಾಗಿ, ಆ ಸದ್ದಿನಲ್ಲಿ ಬಹುಭಾಗವು ತನಗೆ ತಾನೇ ಕಳೆದುಹೋಗುತ್ತದೆ. ಯಾವ ಕುತಂತ್ರವೂ ಇಲ್ಲದೆ ದೊರೆಯುವ ಈ ಶುದ್ಧಿಯೇ ನನಗೆ ಮೆಚ್ಚು.

ಹಾಡಿನ ಹಿಂದುಮುಂದನ್ನು ಕತ್ತರಿಸುವ ಆತುರವೂ ಬೇಡ. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗನು ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅವಳ ತಟ್ಟೆಗಳಲ್ಲಿ ಹಾಡು ಮುಗಿದೊಡನೆ, ಅವಳದೇ ದನಿಯಲ್ಲಿ, ಇಂಗ್ಲಿಷಿನಲ್ಲಿ, ತನ್ನ ಹೆಸರು ಗೌಹರ್ ಜಾನ್ ಎಂಬ ಘೋಷಣೆ ಕೇಳುತ್ತದೆ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಕ್ಕಲೆಂದು ಹೀಗೆ ಹೇಳಿಸುತ್ತಿದ್ದರೆನ್ನುತ್ತಾರೆ. ಹಾಡು ಮುಗಿಯಿತೆಂದು ಅಲ್ಲಿಯೇ ಕತ್ತರಿಯಿಟ್ಟವನು ಆ ಹೆಸರನ್ನೇ ಕತ್ತರಿಸಿಹಾಕುತ್ತಾನೆ. ಆ ಗೌಹರ್ ಜಾನಳು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಹೆಸರುಗಳನ್ನು ಬರೆದಿಡುವುದು ಇದಕ್ಕೆ ಸೇರಿದ ಮಾತೇ. ಹಾಡಿದವರು, ಪಕ್ಕವಾದ್ಯದವರು, ರಾಗ, ತಾಳ, ತಟ್ಟೆ ಹೊರಡಿಸಿದ ಸಂಸ್ಥೆ, ಕಾಗದದ ಮೇಲಿನ ಸಂಖ್ಯೆ, ಹಾಡಿನ ಗೀರು ಮುಗಿದ ಮೇಲೆ ನಡುವಿನ ಬಯಲಿನಲ್ಲಿ ಕೊರೆದಿರುವ ಸಣ್ಣ ಸಂಖ್ಯೆ, ಯಾವ ಮುಳ್ಳಿನಿಂದ ಯಾವ ವೇಗದಲ್ಲಿ ಇಳಿಸಿದುದು, ಯಾವ ದಿನ: ಇಷ್ಟನ್ನೂ ಕಡತದೊಡನೆಯೇ ಬರೆದು, ತಟ್ಟೆಯ ಎರಡು ಮಗ್ಗುಲಿನ ಕಾಗದದ ಚಿತ್ರವನ್ನೂ ತೆಗೆದಿಡಬೇಕು. 'ಹಾಡು 1', 'ಹಾಡು 2' ಎಂದು ಹೆಸರಿಟ್ಟ ಮುನ್ನೂರು ಕಡತಗಳು ಕೈಗೆ ಬಂದ ಮೊಮ್ಮಗನು ಅವನ್ನು ಕೇಳುವನೆಂದು ನನಗೆ ತೋರುವುದಿಲ್ಲ. ಗಣಕಯಂತ್ರದ ಡಿಸ್ಕುಗಳು ಮುನ್ಸೂಚನೆಯಿಲ್ಲದೆ ಕಣ್ಮುಚ್ಚುವುದರಿಂದ ಮೂಲಪ್ರತಿಗಳು ಎರಡು ಬೇರೆ ಡಿಸ್ಕುಗಳಲ್ಲಿದ್ದು, ಇನ್ನೊಂದು ಪ್ರತಿಯು ಬೇರೆ ಊರಿನ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಬೇಕು. ತಟ್ಟೆಯನ್ನಂತೂ ಪ್ರತಿ ತೆಗೆದಾಯಿತೆಂದು ಗುಜರಿಯವನಿಗೆ ಕೊಡಬಾರದು.

ಇವು ಮನೆಯ ಮಟ್ಟಿಗೆ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯಂತೆ, ಧ್ವನಿಮುದ್ರಣದ ಮೇಲಣ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ನಡೆಯುತ್ತದೆ. ಹಾಡನ್ನು ರಚಿಸಿದವರ ಹಕ್ಕು ಬೇರೆ. ಅದು ತೀರದಿರುವ ತಟ್ಟೆಗಳ ಪ್ರತಿಯನ್ನು ಊರಿಗೆಲ್ಲ ಹಂಚುವುದು ನ್ಯಾಯವಲ್ಲ.

ಒಡೆದ ತಟ್ಟೆಯ ತುಂಡುಗಳನ್ನು ನಾನು ಅದರ ಹಳೆಯ ಕಾಗದದ ಚೀಲದಲ್ಲಿಯೇ ಇಟ್ಟಿದ್ದೇನೆ. ಎರಡನೆಯ ಮಗ್ಗುಲಿನ ಕಡತವನ್ನು ತೆರೆಯಲು ಬಹುಕಾಲ ಮನಸ್ಸು ಬರಲಿಲ್ಲ. ಕಳೆದ ಶ್ರಾವಣದ ಒಂದು ಶುಕ್ರವಾರ ಸಂಜೆ ತಾಯಿಯವರೇ ಕೇಳಿದರೆಂದು ಅದನ್ನು ಹಾಕಿದೆ. ಶುದ್ಧಮಾಡಲು ಸೋಮಾರಿತನಪಟ್ಟು ಬಿಟ್ಟಿದ್ದ ಕಡತ. ಮೊದಲು ಮಳೆ, ಸಾಸಿವೆಯ ಸಿಡಿತ. ಅದರ ಕೆಳಗೆ, ಸ್ವಲ್ಪ ಹೊತ್ತು ಕಿವಿಗೊಟ್ಟರೆ, ತಂಬೂರಿ. ತಾಯಿಯವರು ಕಣ್ಣುಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎರಡನೆಯ ಚರಣಕ್ಕೆ ಬರುವಾಗ ತಟ್ಟೆಯವಳಿಗಿಂತ ಅರ್ಧ ಆವರ್ತ ಮೊದಲೇ ಅವರು ಬಾಯಿಯೆತ್ತಿದರು.